ಶಾಖದ ಹರಿವು ತಾನಾಗಿ ಇಳಿದರೆ ಮೊದಲು ನಾಯ್ಸ್ ನೋಡಿ

ಟೊಕಮ್ಯಾಕ್ ಅಂದರೆ ಬಿಸಿ ಪ್ಲಾಸ್ಮಾವನ್ನು ಕಾಂತಕ್ಷೇತ್ರದಲ್ಲಿ ಹಿಡಿದಿಡುವ ಉಂಗುರಾಕಾರದ ಯಂತ್ರ. ಅದರೊಳಗಿನ ಟರ್ಬುಲೆನ್ಸನ್ನು (ಪ್ರಕ್ಷುಬ್ಧ ಸುಳಿಗಳನ್ನು) ಕಂಪ್ಯೂಟರಿನಲ್ಲಿ ಲೆಕ್ಕಹಾಕಿದ ನನ್ನ ಮೊದಲ ರನ್‌ನಲ್ಲಿ ಶಾಖದ ಹರಿವು ಏರಿತು, ಆಮೇಲೆ ನಿಧಾನಕ್ಕೆ ಇಳಿಯುತ್ತಾ ಹೋಯಿತು. ಟರ್ಬುಲೆನ್ಸ್ ತಣ್ಣಗಾಗುತ್ತಿದೆ ಎಂದುಕೊಂಡೆ. ಲೆಕ್ಕದಲ್ಲಿ ಪ್ಲಾಸ್ಮಾದ ಪ್ರತಿನಿಧಿಗಳಾಗಿ ಹಾಕುವ ಕಣಗಳನ್ನು ನಾಲ್ಕು ಪಟ್ಟು ಮಾಡಿ ಓಡಿಸಿದೆ. ಇಳಿತ ತುಂಬಾ ತಡವಾಗಿ ಶುರುವಾಯಿತು. ನಾನೆಷ್ಟು ಕಣ ಹಾಕಿದೆ ಅನ್ನೋದು ಪ್ಲಾಸ್ಮಾಗೆ ಗೊತ್ತಿಲ್ಲ, ಅಲ್ವಾ? ಇಳಿಸುತ್ತಿದ್ದದ್ದು ನಾಯ್ಸ್, ಅಂದರೆ ಕಣಗಳ ಸಂಖ್ಯೆ ಸೀಮಿತವಾದ್ದರಿಂದ ಲೆಕ್ಕದಲ್ಲಿ ಹುಟ್ಟುವ ಗದ್ದಲ. ಅದು ಕಣಗಳನ್ನು ಅಡ್ಡಾದಿಡ್ಡಿ ಅಲೆಸಿ, ಟರ್ಬುಲೆನ್ಸಿನ ಸುಳಿಗಳನ್ನೇ ಅಳಿಸಿಬಿಡುತ್ತದೆ. ಎಲೆಕ್ಟ್ರಾನ್ ಟರ್ಬುಲೆನ್ಸ್ ರನ್‌ಗಳಲ್ಲಿ ನೆವಿನ್ಸ್ ಮತ್ತು ಸಂಗಡಿಗರು 2005ರಲ್ಲಿ ಇದನ್ನೇ ತೋರಿಸಿದ್ದರು.

ಸುಮ್ನೆ ಕಣ ಹೆಚ್ಚಿಸುವುದು ದುಬಾರಿ. ನಾಯ್ಸ್ ಅರ್ಧವಾಗಬೇಕಾದರೆ ಕಣ ನಾಲ್ಕು ಪಟ್ಟು ಬೇಕು. ಅದಕ್ಕೇ ಮೊದಲು ಡೆಲ್ಟಾ-ಎಫ್ ವಿಧಾನ ಹಿಡಿಯಿರಿ. ಸಮತೋಲನದಲ್ಲಿ ಕಣಗಳ ವೇಗಗಳು ಹಂಚಿಕೊಂಡಿರುವ ಬಗೆ, ಅಂದರೆ ನಮಗೆ ಗೊತ್ತಿರುವ ಮ್ಯಾಕ್ಸ್‌ವೆಲ್ ಹಂಚಿಕೆಯನ್ನು ಸೂತ್ರದಲ್ಲೇ ಬಿಡಿ, ಅದರಿಂದ ಸರಿದ ಭಾಗವನ್ನು ಮಾತ್ರ ಕಣಗಳ ತೂಕ (ಪ್ರತಿ ಕಣಕ್ಕೂ ಕೊಟ್ಟ ಒಂದು ಸಂಖ್ಯೆ) ಹೊರಲಿ. ಏರಿಳಿತ ಶೇ. 1ರಷ್ಟಿದ್ದರೆ, ಅದೇ ನಾಯ್ಸ್‌ಗೆ ತಾತ್ವಿಕವಾಗಿ 10,000 ಪಟ್ಟು ಕಡಿಮೆ ಕಣ ಸಾಕು. ಏರಿಳಿತವೇ ದೊಡ್ಡದಾಗಿರುವ ಪ್ಲಾಸ್ಮಾ ಅಂಚಿನಲ್ಲಿ ಈ ಲಾಭ ಕರಗುತ್ತದೆ.

ಕಣಗಳನ್ನು ಹರಡುವಾಗ ರ‍್ಯಾಂಡಮ್ ಸಂಖ್ಯೆಗಳ ಬದಲು ಹ್ಯಾಮರ್‌ಸ್ಲಿ ಸರಣಿ (ಬಿಂದುಗಳನ್ನು ಸಮನಾಗಿ ಹರಡುವ ಸಂಖ್ಯೆಗಳು) ಬಳಸಿ. ಆರಂಭ ಶಾಂತವಾಗಿರುತ್ತದೆ. ಟರ್ಬುಲೆನ್ಸ್ ಕಲಕಿದ ಮೇಲೆ ಅದರ ಪ್ರಯೋಜನ ಉಳಿಯದು.

ನನಗೆ ಜಾಸ್ತಿ ಕೈಹಿಡಿದದ್ದು ಫಿಲ್ಟರ್. ಟರ್ಬುಲೆನ್ಸ್ ಕಾಂತರೇಖೆಯ ಉದ್ದಕ್ಕೆ ಚಾಚಿಕೊಂಡಿರುತ್ತದೆ. ಹಾಗಾಗಿ ಒಂದು ಮೋಡ್‌ನ (ಅಲೆಯ) ಟೊರೊಯ್ಡಲ್ ಸಂಖ್ಯೆ, ಅಂದರೆ ಉಂಗುರದ ಉದ್ದ ಸುತ್ತಿನಲ್ಲಿ ಅಲೆಗಳೆಷ್ಟು ಅನ್ನೋದು, ಎನ್ ಆದರೆ, ಪೊಲೊಯ್ಡಲ್ ಸಂಖ್ಯೆ (ಅಡ್ಡ ಸುತ್ತಿನಲ್ಲಿ ಅಲೆಗಳೆಷ್ಟು) ಎಂ ಅನ್ನೋದು ಎನ್ ಗುಣಿಸು ಕ್ಯೂ ಎಂಬುದರ ಆಸುಪಾಸಿನಲ್ಲೇ ಇರುತ್ತದೆ (ಕ್ಯೂ ಅಂದರೆ ಸೇಫ್ಟಿ ಫ್ಯಾಕ್ಟರ್, ಕಾಂತರೇಖೆ ಒಂದು ಅಡ್ಡ ಸುತ್ತು ಮುಗಿಸುವಷ್ಟರಲ್ಲಿ ಉಂಗುರವನ್ನು ಎಷ್ಟು ಸಲ ಉದ್ದಕ್ಕೆ ಸುತ್ತುತ್ತದೆ ಅನ್ನೋದು). ನಾಯ್ಸ್ ಮಾತ್ರ ಎಲ್ಲ ಮೋಡ್‌ಗಳಲ್ಲೂ ಹರಡಿರುತ್ತದೆ. ಆ ಬೆಲೆಯ ಎಡಬಲಕ್ಕೆ 5 ಮೋಡ್ ಇಟ್ಟುಕೊಂಡು ಉಳಿದದ್ದನ್ನು ವಿದ್ಯುತ್ ಫೀಲ್ಡ್‌ನಿಂದ ಕತ್ತರಿಸಿ. ಉಳಿಸಿಕೊಂಡ ಈ ಕಿಟಕಿಯನ್ನು 10ಕ್ಕೆ ಅಗಲಿಸಿಯೂ ಒಮ್ಮೆ ಓಡಿಸಿ. ಶಾಖದ ಹರಿವು ಬದಲಾದರೆ ನೀವು ಟರ್ಬುಲೆನ್ಸನ್ನೇ ಕತ್ತರಿಸಿದ್ದೀರಿ.

ಕತ್ತರಿಸಿದ್ದನ್ನು ಎಸೆಯಬೇಡಿ. ಕಿಟಕಿಯ ಹೊರಗಿನ ಶಕ್ತಿ ನಾಯ್ಸ್‌ನ ಅಳತೆ, ಒಳಗಿನದು ಸಿಗ್ನಲ್. ಎರಡರ ಅನುಪಾತವನ್ನು ಪ್ರತಿ ರನ್‌ನಲ್ಲೂ ಬರೆದಿಡಿ.

ಇಷ್ಟಾದರೂ ತೂಕಗಳ ವರ್ಗದ (ಸ್ಕ್ವೇರ್) ಸರಾಸರಿ ಏರುತ್ತಲೇ ಇರಬಹುದು. ಘರ್ಷಣೆಯಿಲ್ಲದ ಪ್ಲಾಸ್ಮಾದಲ್ಲಿ ವೇಗಗಳ ಹಂಚಿಕೆ ಹೊತ್ತು ಹೋದಂತೆ ಸಣ್ಣ ಸಣ್ಣ ಎಳೆಗಳಾಗಿ ಸೀಳುತ್ತದೆ, ಅದನ್ನು ಅಳಿಸುವವರಿಲ್ಲ. ಸಮೀಕರಣಕ್ಕೆ ಕ್ರೂಕ್ ಎಂಬ ತಗ್ಗಿಸುವ ಪದ ಸೇರಿಸಿ ತೂಕಗಳನ್ನು ಮೆಲ್ಲಗೆ ತಗ್ಗಿಸಿ. ಅದರ ದರವನ್ನು ನಾನು ಅತಿ ವೇಗವಾಗಿ ಬೆಳೆಯುವ ಮೋಡ್‌ನ ಬೆಳವಣಿಗೆ ದರದ ಹತ್ತನೇ ಒಂದು ಭಾಗದಿಂದ ಶುರುಮಾಡುತ್ತೇನೆ. ಇಲ್ಲಿ ಎಚ್ಚರ ಬೇಕು. ತಿದ್ದುಪಡಿಯಿಲ್ಲದ ಕ್ರೂಕ್ ಜೋನಲ್ ಫ್ಲೋಗಳನ್ನೂ (ಟರ್ಬುಲೆನ್ಸೇ ಹುಟ್ಟಿಸುವ ಪಟ್ಟಿಪಟ್ಟಿ ಹರಿವುಗಳನ್ನೂ) ತಿನ್ನುತ್ತದೆ. ಟರ್ಬುಲೆನ್ಸನ್ನು ಹದ್ದುಬಸ್ತಿನಲ್ಲಿಡುವುದೇ ಅವು, ಅವು ಹೋದರೆ ಶಾಖದ ಹರಿವು ಸುಳ್ಳುಸುಳ್ಳೇ ಏರುತ್ತದೆ. ಈ ಫ್ಲೋಗಳನ್ನು ಉಳಿಸುವ ತಿದ್ದುಪಡಿ ಹಾಕಿ, ದರ ಅರ್ಧ ಮಾಡಿ ಮತ್ತೊಮ್ಮೆ ಓಡಿಸಿ.

ಕೊನೆಗೆ ಶಾಖದ ಹರಿವಿನ ಗ್ರಾಫ್ ಕೆಳಗೇ ಸಿಗ್ನಲ್-ನಾಯ್ಸ್ ಅನುಪಾತವನ್ನೂ ಎಳೆಯಿರಿ. ಅದು 10ರ ಕೆಳಗಿಳಿದ ಕ್ಷಣದಿಂದ ಮುಂದಿನದನ್ನು ನಾನು ಸರಾಸರಿಗೆ ಸೇರಿಸುವುದಿಲ್ಲ.