ಖಾಲಿ ಓಡುವ ಗಾಡಿಗೆ ಬಾಡಿಗೆ ಕೊಡಬೇಡಿ

ಹೋದ ವರ್ಷ ಆರು ಗೋಣಿ ಚಾಲಿ (ಒಣಗಿಸಿ ಸುಲಿದ ಅಡಿಕೆ) ಮಾರಲು ಕೇರಳದ ಗಡಿ ಊರು ಪೆರ್ಲದಿಂದ ಮಂಗಳೂರಿಗೆ ಪಿಕಪ್ ಗಾಡಿ ಬಾಡಿಗೆಗೆ ಮಾಡಿದ್ದೆ. ಅಂಗಡಿ ಮುಂದೆ ಗಾಡಿಗಳ ಸಾಲು. ತೂಕ ಆಗುವಾಗ ಮಧ್ಯಾಹ್ನ ಮೂರು ಗಂಟೆ. ಬರುವಾಗ ಗಾಡಿ ಖಾಲಿ. ಹೋಗಿ ಬರುವ ಬಾಡಿಗೆ ಕೊಟ್ಟು, ಕಾದದ್ದಕ್ಕೂ ಬೇರೆ ಕೊಟ್ಟೆ. ಕಿಲೋಗೆ ಎರಡು ರೂಪಾಯಿ ಜಾಸ್ತಿ ಸಿಗಲಿ ಅಂತ ನಾಲ್ಕು ಅಂಗಡಿಗೆ ಫೋನ್ ಮಾಡುವ ನಾವು, ಸಾಗಾಟಕ್ಕೆ ಹೋಗುವ ದುಡ್ಡನ್ನು ಲೆಕ್ಕವೇ ಹಾಕುವುದಿಲ್ಲ.

ಬಾಡಿಗೆ 3,000 ಅಂತ ಇಟ್ಟುಕೊಳ್ಳಿ. 65 ಕಿಲೋದ ಆರು ಗೋಣಿ ಅಂದರೆ 390 ಕಿಲೋ. ಕಿಲೋಗೆ ಏಳೂವರೆ ರೂಪಾಯಿ ಮೇಲೆ ಬಿತ್ತು. ಅದೇ ಒಂದೂವರೆ ಟನ್ನಿನ ಪಿಕಪ್ಪಿಗೆ 23 ಗೋಣಿ ಹಾಕಿದರೆ ಎರಡೇ ರೂಪಾಯಿ. ಹಾಗಾಗಿ ಮೊದಲ ಕೆಲಸ, ನೆರೆಕರೆಯ ಮೂರು ನಾಲ್ಕು ಮನೆಯವರನ್ನು ಸೇರಿಸಿ ಒಂದೇ ದಿನ ಗೊತ್ತು ಮಾಡುವುದು.

ಆಮೇಲೆ ಗಾಡಿ ಹುಡುಕಿ. ಬಾಡಿಗೆಗೆ ಚೌಕಾಶಿ ಮಾಡುವ ಮೊದಲು ನಿಮ್ಮ ಪೇಟೆಯ ಹಿಂಡಿ ಅಂಗಡಿ, ಗೊಬ್ಬರದ ಅಂಗಡಿಯಲ್ಲಿ ಒಂದು ಮಾತು ಕೇಳಿ: ನಿಮಗೆ ಪುತ್ತೂರಿಂದಲೋ ಮಂಗಳೂರಿಂದಲೋ ಲೋಡು ಯಾವತ್ತು ಬರುತ್ತದೆ? ಗಡಿಯ ಅಡ್ಕಸ್ಥಳ ದಾಟಿ ಬಂದ ಕೆಎ 21 (ಪುತ್ತೂರು) ನಂಬರಿನ ಗಾಡಿ ಮೂಟೆ ಇಳಿಸಿ ಖಾಲಿ ಹಿಂದೆ ಹೋಗುತ್ತದೆ, ಅಲ್ವಾ? ಡೀಸೆಲ್ ಖರ್ಚು ಹೇಗೂ ಆಗುವುದೇ, ಆ ಡ್ರೈವರಣ್ಣನಿಗೆ ಅರ್ಧ ಬಾಡಿಗೆ ಕೊಟ್ಟರೂ ಲಾಭ. ನಾನು ಈ ವರ್ಷ ಮಾಡಿದ್ದು ಇದನ್ನೇ. ನಿಮ್ಮೂರಿನ ಕೆಎಲ್ 14 (ಕಾಸರಗೋಡು) ಗಾಡಿಯೇ ಆದರೆ, ಕರ್ನಾಟಕಕ್ಕೆ ಹೋಗಲು ಪರ್ಮಿಟ್ ಇದೆಯಾ ನೋಡಿ, ಬರುವಾಗ ತರುವ ಸಾಮಾನೂ ಮೊದಲೇ ಹೇಳಿಡಿ.

ಮನೆಯಲ್ಲಿ ಮಾಡುವ ಕೆಲಸವೇ ಜಾಸ್ತಿ. ಅಡಿಕೆ ಚೆನ್ನಾಗಿ ಒಣಗಿರಬೇಕು, ಇಲ್ಲದಿದ್ದರೆ ನೀರಿಗೂ ಬಾಡಿಗೆ ಕೊಟ್ಟ ಹಾಗೆ. ಪಟೋರ, ಉಳ್ಳಿ, ಕರಿಗೋಟು ಅಂತ ಕಡಿಮೆ ದರ್ಜೆಯ ಅಡಿಕೆ ಎಲ್ಲ ಬೇರೆ ಬೇರೆ ಗೋಣಿಗೆ ಹೋಗಲಿ. ಅಂಗಡಿಯಲ್ಲಿ ಸುರಿದು ಹೆಕ್ಕುತ್ತಾ ಕೂತರೆ ಹಿಂದಿನವರಿಗೂ ತಡ. ಪ್ರತಿ ಗೋಣಿಯ ಮೇಲೆ ದಪ್ಪ ಪೆನ್ನಿನಲ್ಲಿ ಹೆಸರು, ತೂಕ ಬರೆಯಿರಿ. ಒಳಗೂ ಒಂದು ಚೀಟಿ ಹಾಕಿ. ನಮ್ಮ ಲೋಡಿನಲ್ಲಿ ಒಂದು ಗೋಣಿಯ ಹೆಸರು ಉಜ್ಜಿ ಹೋಗಿತ್ತು, ಒಳಗಿನ ಚೀಟಿಯಿಂದಲೇ ಯಾರದ್ದು ಅಂತ ಗೊತ್ತಾಯಿತು.

ಕೊನೆಗೆ ಇಳಿಸುವವರ ಗೋಣಿ ಮೊದಲು ಹತ್ತಲಿ. ಟಾರ್ಪಾಲು ಬಿಸಿಲಿದ್ದರೂ ಬೇಕು.

ಇನ್ನು ಕಾಗದಪತ್ರ. ಗಡಿ ದಾಟುವ ಸರಕಿನ ಬೆಲೆ 50,000 ಮೀರಿದರೆ ಇ-ವೇ ಬಿಲ್, ಅಂದರೆ ಸರಕು ಸಾಗಿಸಲು ಆನ್‌ಲೈನಿನಲ್ಲಿ ಮಾಡಿಸುವ ಜಿಎಸ್‌ಟಿ ಚೀಟಿಯ ವಿಷಯ ಬರುತ್ತದೆ. ಈಗಿನ ಅಡಿಕೆ ರೇಟಿಗೆ ಎರಡು ಮೂರು ಗೋಣಿಗೇ ಅಷ್ಟಾಗಬಹುದು. ಕೊಳ್ಳುವವರೇ ಮಾಡಿಸುತ್ತಾರಾ ಅಂತ ಹಿಂದಿನ ದಿನವೇ ಕೇಳಿ, ಗಾಡಿ ನಂಬರು ಕೊಡಿ. ಗಾಡಿ ಬದಲಾದರೆ ಬಿಲ್ಲಿನಲ್ಲೂ ನಂಬರು ಬದಲಾಗಬೇಕು, ಇದನ್ನು ತುಂಬಾ ಜನ ಮರೆಯುತ್ತಾರೆ. 200 ಕಿಲೋಮೀಟರ್ ತನಕ ಆ ಬಿಲ್ಲಿಗೆ ಒಂದು ದಿನದ ಅವಧಿ ಇರುತ್ತದೆ, ನಮಗೆ ಅದು ಧಾರಾಳ.

ದಾರಿ? ಪುತ್ತೂರಿಗಾದರೆ ವಿಟ್ಲದ ಮೇಲೆ. ಕುಂಬಳೆ ಕಡೆಯಿಂದ ಮಂಗಳೂರಿಗೆ ಹೋದರೆ ತಲಪಾಡಿಯಲ್ಲಿ ಟೋಲ್ ಇದೆ, ಅದನ್ನೂ ಲೆಕ್ಕಕ್ಕೆ ಸೇರಿಸಿ. ಅಂಗಡಿಗೆ ಫೋನ್ ಮಾಡಿ ಎಷ್ಟು ಗಂಟೆಗೆ ಬಂದರೆ ತಕ್ಷಣ ತೂಕ ಆಗುತ್ತದೆ ಅಂತ ಕೇಳಿಯೇ ಹೊರಡಿ.

ಬಾಡಿಗೆಯನ್ನು ಮನೆ ಲೆಕ್ಕದಲ್ಲಿ ಹಂಚಬೇಡಿ, ಕಿಲೋ ಲೆಕ್ಕದಲ್ಲಿ ಹಂಚಿ. ಎರಡು ಗೋಣಿಯವರು ಹತ್ತು ಗೋಣಿಯವರಷ್ಟೇ ಕೊಡಬೇಕಾಗಿ ಬಂದರೆ ಮುಂದಿನ ಸಲ ಅವರು ಬರುವುದಿಲ್ಲ, ಗಾಡಿ ಮತ್ತೆ ಅರ್ಧ ಖಾಲಿ. ಅಂಗಡಿಯ ತೂಕದ ಚೀಟಿ ಇಟ್ಟುಕೊಂಡು ಅವತ್ತೇ ಸಂಜೆ ಲೆಕ್ಕ ಮುಗಿಸಿಬಿಡಿ.