ಡಿಸ್ಟೋನಿಯಾ ಅಧ್ಯಯನಕ್ಕೆ ಸೇರುವ ಮುನ್ನ: ಫೈಲ್, ವಿಡಿಯೊ, ಸಹಿ

ಬರೆಯಲು ಹೋದರೆ ಮಣಿಕಟ್ಟು ಒಳಕ್ಕೆ ಮಡಚಿಕೊಳ್ಳುತ್ತದೆ. ನಿಂತರೆ ಪಾದ ಸೊಟ್ಟಗಾಗುತ್ತದೆ, ಕುತ್ತಿಗೆ ಒಂದೇ ಕಡೆ ತಿರುಚಿಕೊಳ್ಳುತ್ತದೆ. ಬೇಡವೆಂದರೂ ಸ್ನಾಯುಗಳು ಹೀಗೆ ಎಳೆದುಕೊಳ್ಳುವುದೇ ಡಿಸ್ಟೋನಿಯಾ. ಮಿದುಳಿಗೆ ಬೇರೇನೋ ಆಗಿ ಅದರ ಬೆನ್ನಿಗೆ ಬಂದದ್ದಾದರೆ ಸೆಕೆಂಡರಿ ಡಿಸ್ಟೋನಿಯಾ. ಹುಟ್ಟಿದ ಕೂಡಲೇ ಮಗು ಅಳದೆ ಆಮ್ಲಜನಕ ಸಾಲದೇ ಹೋದದ್ದು, ಹಸುಗೂಸಿನ ಕಾಮಾಲೆ ಮಿದುಳಿಗೇರಿದ್ದು, ಲಕ್ವ, ಮಿದುಳುಜ್ವರ, ತಲೆಗೆ ಬಿದ್ದ ಪೆಟ್ಟು, ವರ್ಷಗಟ್ಟಲೆ ನುಂಗಿದ ಕೆಲವು ಮನೋರೋಗದ ಮಾತ್ರೆ: ಕಾರಣಗಳು ಒಂದೆರಡಲ್ಲ.

ಕಾರಣ ಹಲವು ಎನ್ನುವುದೇ ಇಲ್ಲಿನ ತೊಡಕು. ಒಂದು ಗುಂಪಿಗೆ ಹಿಡಿದ ಚಿಕಿತ್ಸೆ ಇನ್ನೊಂದಕ್ಕೆ ಅಷ್ಟೇ ಹಿಡಿಯುವುದಿಲ್ಲ. ಮಿದುಳಿನೊಳಗೆ ತಂತಿ ಇಟ್ಟು ಸಣ್ಣ ವಿದ್ಯುತ್ ಹಾಯಿಸುವ ಡಿಬಿಎಸ್ ಶಸ್ತ್ರಚಿಕಿತ್ಸೆಯನ್ನೇ ನೋಡಿ. ಫ್ರಾನ್ಸ್‌ನಲ್ಲಿ ಪ್ರೈಮರಿ, ಅಂದರೆ ಮಿದುಳಿಗೆ ಬೇರೇನೂ ಆಗದೆ ಬಂದ ಡಿಸ್ಟೋನಿಯಾದ 22 ಮಂದಿಗೆ ಇದನ್ನು ಮಾಡಿ 2005ರಲ್ಲಿ ಪ್ರಕಟಿಸಿದಾಗ, ತೀವ್ರತೆಯ ಸರಾಸರಿ ಅಂಕ (120ಕ್ಕೆ) ವರ್ಷದಲ್ಲಿ 46.3ರಿಂದ 21ಕ್ಕೆ ಇಳಿದಿತ್ತು. ಎಳವೆಯಲ್ಲೇ ಮಿದುಳಿಗೆ ಪೆಟ್ಟಾಗಿ ಚಲನೆ ಕೆಡುವ ಸೆರೆಬ್ರಲ್ ಪಾಲ್ಸಿಯಿಂದ ಡಿಸ್ಟೋನಿಯಾ ಬಂದ 13 ವಯಸ್ಕರ ಅಧ್ಯಯನ 2009ರಲ್ಲಿ ಅಲ್ಲಿಂದಲೇ ಬಂತು. ಅಂಕ ಇಳಿದದ್ದು 44.2ರಿಂದ 34.7ಕ್ಕೆ ಮಾತ್ರ. ಶಸ್ತ್ರಚಿಕಿತ್ಸೆ ಒಂದೇ, ಫಲ ಅರ್ಧಕ್ಕೂ ಕಡಿಮೆ. ಸೆಕೆಂಡರಿಯವರಿಗೆ ಪ್ರತ್ಯೇಕ ಅಧ್ಯಯನ ಬೇಕೆನ್ನುವುದು ಇದಕ್ಕೇ. ಸೇರುವವರು ಮೊದಲು ತಮ್ಮ ಕಾರಣವನ್ನು ಗಟ್ಟಿ ಮಾಡಿಕೊಳ್ಳಬೇಕೆನ್ನುವುದೂ ಇದಕ್ಕೇ.

ಮೊದಲು ಕಾರಣ, ಆಮೇಲೆ ಟ್ರಯಲ್

ಅಧ್ಯಯನ (ಟ್ರಯಲ್) ಹುಡುಕುವುದಕ್ಕೆ ಮುಂಚೆ ನರರೋಗ ತಜ್ಞರ ಹತ್ತಿರ ಒಂದು ಪ್ರಶ್ನೆ ಕೇಳಿ: "ಮಾತ್ರೆಯಿಂದಲೇ ಹತೋಟಿಗೆ ಬರುವ ಕಾಯಿಲೆ ಇದಲ್ಲ ಅಂತ ಖಾತ್ರಿ ಆಗಿದೆಯಾ?" ಮೂರು ಸಂಗತಿಗಳನ್ನು ಬಿಟ್ಟು ಮುಂದೆ ಹೋಗಬಾರದು. ಒಂದು, ವಿಲ್ಸನ್ ಕಾಯಿಲೆ, ಅಂದರೆ ದೇಹದಲ್ಲಿ ತಾಮ್ರ ಕಟ್ಟಿಕೊಳ್ಳುವುದು. ರಕ್ತದ ಸೆರುಲೋಪ್ಲಾಸ್ಮಿನ್, 24 ಗಂಟೆ ಹಿಡಿದಿಟ್ಟ ಮೂತ್ರದಲ್ಲಿನ ತಾಮ್ರ, ಕಣ್ಣಿನ ಸ್ಲಿಟ್‌ಲ್ಯಾಂಪ್ ಪರೀಕ್ಷೆ ಇದನ್ನು ಹೇಳುತ್ತವೆ. ಎರಡು, ಲೆವೊಡೋಪಾ ಮಾತ್ರೆಗೆ ಸ್ಪಂದಿಸುವ ಬಗೆಯ ಡಿಸ್ಟೋನಿಯಾ. ಬೆಳಿಗ್ಗೆ ಚೆನ್ನಾಗಿ ನಡೆಯುವ ಮಗು ಸಂಜೆಗೆ ಕಾಲೆಳೆಯುತ್ತದೆ ಎಂದಾದರೆ ಇದರ ಗುಮಾನಿ ಬೇಕು. ಸೆರೆಬ್ರಲ್ ಪಾಲ್ಸಿ ಎಂಬ ಹಣೆಪಟ್ಟಿ ಹೊತ್ತು ವರ್ಷಗಟ್ಟಲೆ ಕಳೆದವರಲ್ಲೂ ಇದು ಸಿಕ್ಕಿದ್ದುಂಟು. ಮೂರು, ಔಷಧದಿಂದ ಬಂದದ್ದು. ಮನೋರೋಗಕ್ಕೆ ಕೊಡುವ ಹ್ಯಾಲೊಪೆರಿಡಾಲ್‌ನಂಥ ಮಾತ್ರೆಯಷ್ಟೇ ಅಲ್ಲ, ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್ ಕೂಡ ಇದನ್ನು ತರಬಹುದು. ವಾಂತಿ ಮಾತ್ರೆಯನ್ನು ಯಾರೂ ಔಷಧದ ಲೆಕ್ಕಕ್ಕೆ ಹಿಡಿಯುವುದಿಲ್ಲವಾದ್ದರಿಂದ ಹಳೆಯ ಚೀಟಿಗಳನ್ನು ಕೆದಕಿ ನೋಡಬೇಕು.

ಈ ವಿಚಾರಣೆ ಮುಗಿದ ಮೇಲೆ ಒಂದು ಫೈಲ್ ಕಟ್ಟಿ. ಹೆರಿಗೆಯ ಡಿಸ್ಚಾರ್ಜ್ ಸಮರಿ ಸಿಕ್ಕರೆ ಚಿನ್ನ. ಎಂಆರ್‌ಐ ವರದಿಯ ಹಾಳೆ ಸಾಲದು, ಸಿಡಿ ಬೇಕು. ಅಧ್ಯಯನದ ತಂಡ ಚಿತ್ರಗಳನ್ನು ತಾನೇ ನೋಡುತ್ತದೆ. ಈಗಿನ ಮಾತ್ರೆಗಳನ್ನು ಹೆಸರು, ಮಿಲಿಗ್ರಾಂ, ಹೊತ್ತು, ಶುರುವಾದ ತಿಂಗಳು ಹೀಗೆ ಒಂದೇ ಹಾಳೆಯಲ್ಲಿ ಬರೆಯಿರಿ. "ಬಿಳಿ ಮಾತ್ರೆ ಅರ್ಧ" ಎಂದರೆ ಆಗದು. ಹಿಂದೆ ಕೊಟ್ಟು ನಿಲ್ಲಿಸಿದ ಮಾತ್ರೆ ಯಾವುದು, ಏಕೆ ನಿಲ್ಲಿಸಿದರು ಎಂಬುದೂ ಇರಲಿ. ಸ್ನಾಯು ಸಡಿಲಿಸುವ ಬೊಟುಲಿನಮ್ ಇಂಜೆಕ್ಷನ್ ಆಗಿದ್ದರೆ ಕೊನೆಯದರ ತಾರೀಖು ಬೇಕೇ ಬೇಕು.

ಹುಡುಕುವುದು ಎಲ್ಲಿ, ಯಾವ ಹೆಸರಿನಲ್ಲಿ

ಭಾರತದಲ್ಲಿ ನಡೆಯುವ ಕ್ಲಿನಿಕಲ್ ಟ್ರಯಲ್‌ಗಳು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸುವ ಸಿಟಿಆರ್‌ಐ ಎಂಬ ನೋಂದಣಿ ಜಾಲತಾಣದಲ್ಲಿ ಸಿಗುತ್ತವೆ. 2007ರಲ್ಲಿ ಶುರುವಾದ ಈ ನೋಂದಣಿ 2009ರ ಜೂನ್ 15ರಿಂದ ಕಡ್ಡಾಯ. ನೋಡಲು ದುಡ್ಡು ಕೊಡಬೇಕಾಗಿಲ್ಲ. ಇಂಗ್ಲಿಷ್‌ನಲ್ಲೇ ಟೈಪ್ ಮಾಡಬೇಕು. ಡಿಸ್ಟೋನಿಯಾದಲ್ಲಿ 'ಡಿ' ಆದ ಮೇಲೆ 'ಐ' ಅಲ್ಲ, 'ವೈ'. ಈ ಒಂದು ಅಕ್ಷರ ತಪ್ಪಿದರೆ ಏನೂ ಸಿಗುವುದಿಲ್ಲ.

ಹೆಸರಿನ ಗೊಂದಲ ಇನ್ನೂ ಇದೆ. 2013ರಲ್ಲಿ ತಜ್ಞರು ವರ್ಗೀಕರಣ ಬದಲಿಸಿದ ಮೇಲೆ 'ಸೆಕೆಂಡರಿ' ಎಂಬ ಪದ ಹಿಂದೆ ಸರಿದು 'ಅಕ್ವೈರ್ಡ್' (ಆಮೇಲೆ ಅಂಟಿಕೊಂಡದ್ದು) ಎಂಬುದು ಮುಂದೆ ಬಂದಿದೆ. ಆದ್ದರಿಂದ ಸೆಕೆಂಡರಿ ಡಿಸ್ಟೋನಿಯಾ ಎಂದಷ್ಟೇ ಹುಡುಕಿ ಕೈಬಿಡಬೇಡಿ. ಅಕ್ವೈರ್ಡ್ ಡಿಸ್ಟೋನಿಯಾ, ಡಿಸ್ಕೈನೆಟಿಕ್ ಸೆರೆಬ್ರಲ್ ಪಾಲ್ಸಿ (ಕೈಕಾಲು ತಾವಾಗಿ ತಿರುಚಾಡುವ ಬಗೆ), ಟಾರ್ಡಿವ್ ಡಿಸ್ಟೋನಿಯಾ (ಮನೋರೋಗದ ಮಾತ್ರೆಯಂಥ ಔಷಧದಿಂದ ಬಂದದ್ದು), ಕರ್ನಿಕ್ಟೆರಸ್ (ಕಾಮಾಲೆ ಮಿದುಳಿಗೇರಿದ್ದು), ಹೀಗೆ ಕಾರಣದ ಹೆಸರು ಹಾಕಿ ಒಂದೊಂದಾಗಿ ನೋಡಿ. ವಿದೇಶದಲ್ಲಿರುವ ಕನ್ನಡಿಗರು ಅಮೆರಿಕದ ಕ್ಲಿನಿಕಲ್‌ಟ್ರಯಲ್ಸ್.ಗವ್ ತಾಣದಲ್ಲೂ ಇವೇ ಪದಗಳನ್ನು ಹಾಕಬಹುದು.

ಪುಟ ತೆರೆದಾಗ ಶೀರ್ಷಿಕೆಗಿಂತ ಮೊದಲು ನೋಡಬೇಕಾದವು ಮೂರು. ರೋಗಿಗಳನ್ನು ಇನ್ನೂ ಸೇರಿಸಿಕೊಳ್ಳುತ್ತಿದ್ದಾರೆಯೇ, ಮುಗಿದಿದೆಯೇ. ನಿಮ್ಮ ಊರಿಂದ ಹೋಗಿ ಬರಬಹುದಾದ ಆಸ್ಪತ್ರೆ ಪಟ್ಟಿಯಲ್ಲಿದೆಯೇ. ಅಧ್ಯಯನ ರೋಗಿಗಳ ಹಿತಕ್ಕೆ ಸರಿಯೇ ಎಂದು ನೋಡುವ ಆ ಆಸ್ಪತ್ರೆಯ ನೈತಿಕ ಸಮಿತಿ ಒಪ್ಪಿಗೆ ಕೊಟ್ಟಿದೆಯೇ. ಸಾರ್ವಜನಿಕರ ಪ್ರಶ್ನೆಗೆಂದು ಒಬ್ಬರ ಹೆಸರು, ಫೋನು ಅದೇ ಪುಟದಲ್ಲಿರುತ್ತದೆ. ಕರೆ ಮಾಡಬೇಕಾದ್ದು ಅವರಿಗೆ. ಜಾಲತಾಣದ ಗೋಜೇ ಬೇಡ ಎನ್ನುವವರು ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಚಲನೆಯ ತೊಂದರೆಗಳನ್ನೇ ನೋಡುವ ವೈದ್ಯರನ್ನು ನೇರವಾಗಿ ಕೇಳಬಹುದು.

ಇಲ್ಲೊಂದು ಕಟುವಾದ ಮಾತು. "ಸ್ಟೆಮ್ ಸೆಲ್ ಹಾಕುತ್ತೇವೆ, ಟ್ರಯಲ್ ಇದೆ, ಇಷ್ಟು ಲಕ್ಷ ಕಟ್ಟಿ" ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. 2017ರ ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ರಕ್ತದ ಕಾಯಿಲೆಗಳ ಅಸ್ಥಿಮಜ್ಜೆ ಕಸಿಯಂಥ ಒಪ್ಪಿತ ಬಳಕೆ ಬಿಟ್ಟರೆ ಉಳಿದೆಲ್ಲ ಕಾಯಿಲೆಗೂ ಸ್ಟೆಮ್ ಸೆಲ್ ಇನ್ನೂ ಪ್ರಯೋಗದ ಹಂತದಲ್ಲಿದೆ. ಪ್ರಯೋಗಕ್ಕೆ ರೋಗಿಯಿಂದ ಹಣ ಕೀಳುವಂತಿಲ್ಲ. ಪರೀಕ್ಷೆಗಿಟ್ಟ ಔಷಧಕ್ಕೆ ಬೆಲೆ ಕೇಳುವ ಟ್ರಯಲ್ ಟ್ರಯಲ್ಲೇ ಅಲ್ಲ, ಅದು ವ್ಯಾಪಾರ.

ನಿಯಮದ ಪಟ್ಟಿಯಲ್ಲಿ ಎಡವುವುದು ಎಲ್ಲಿ

ಯಾರನ್ನು ಸೇರಿಸಿಕೊಳ್ಳುತ್ತಾರೆ, ಯಾರನ್ನು ಬಿಡುತ್ತಾರೆ ಎಂಬ ಎರಡು ಪಟ್ಟಿ ಪ್ರತಿ ಅಧ್ಯಯನದಲ್ಲೂ ಇರುತ್ತದೆ. ವಯಸ್ಸು, ಕಾರಣ, ತೀವ್ರತೆ ಮಾಮೂಲು. ಹೆಚ್ಚಿನವರು ಹೊರಗುಳಿಯುವುದು ಸಣ್ಣ ಕಾರಣಗಳಿಗೆ. ಬೊಟುಲಿನಮ್ ಇಂಜೆಕ್ಷನ್‌ನ ಪ್ರಭಾವ ಸುಮಾರು ಮೂರು ತಿಂಗಳು ಉಳಿಯುವುದರಿಂದ ಅಷ್ಟು ಅಂತರ ಸಾಮಾನ್ಯವಾಗಿ ಕೇಳುತ್ತಾರೆ. ಮಾತ್ರೆಯ ಪ್ರಮಾಣ ಕೆಲವು ವಾರಗಳಿಂದ ಬದಲಾಗಿರಬಾರದು ಎನ್ನುತ್ತಾರೆ. ಕೀಲು ಪೂರ್ತಿ ಸೆಟೆದು ಗಟ್ಟಿಯಾಗಿದ್ದರೆ ಸ್ನಾಯು ಸಡಿಲಿಸುವ ಔಷಧದಿಂದ ಅದು ಬಿಡಿಸಿಕೊಳ್ಳುವುದಿಲ್ಲ. ಅಂಥವರನ್ನು ಬಿಡುವುದೂ ಉಂಟು. ಹತೋಟಿಗೆ ಬಾರದ ಫಿಟ್ಸ್ ಇನ್ನೊಂದು ಅಡ್ಡಿ.

ಇದನ್ನು ಓದಿ ಕೆಲವರು ತಾವೇ ಮಾತ್ರೆ ನಿಲ್ಲಿಸಿಬಿಡುತ್ತಾರೆ. ದಯವಿಟ್ಟು ಬೇಡ. ಸ್ನಾಯುವಿನ ಬಿಗಿತ ಇಳಿಸುವ ಬ್ಯಾಕ್ಲೋಫೆನ್ ದಿಢೀರ್ ನಿಂತರೆ ಫಿಟ್ಸ್, ಭ್ರಮೆ, ವಿಪರೀತ ಬಿಗಿತ ಬರಬಹುದು. ಡಿಸ್ಟೋನಿಯಾಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಕೂಡ ಹಂತಹಂತವಾಗಿ ಇಳಿಸಬೇಕಾದದ್ದೇ. ಬಿಡಬೇಕಾದರೆ ಯಾವ ಲೆಕ್ಕದಲ್ಲಿ, ಎಷ್ಟು ದಿನದಲ್ಲಿ ಎಂಬುದನ್ನು ವೈದ್ಯರು ಬರೆದುಕೊಡಲಿ.

ಒಪ್ಪಿಗೆ ಪತ್ರ: ಸಹಿ ಯಾರದು?

ಒಪ್ಪಿಗೆ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಕನ್ನಡ ಓದುವವರಿಗೆ ಕನ್ನಡದ ಪ್ರತಿ ಕೊಡಿ ಎಂದು ಕೇಳುವುದು ಹಕ್ಕು, ಉಪಕಾರವಲ್ಲ. ಮನೆಗೆ ತಂದು ಓದಿ, ಗುರುತಿನ ವೈದ್ಯರಿಗೆ ತೋರಿಸಿ, ಆಮೇಲೆ ಸಹಿ ಹಾಕಿ. ಸಹಿಯಾದ ಪತ್ರದ ಒಂದು ಪ್ರತಿ ನಿಮ್ಮ ಕೈಯಲ್ಲಿ ಉಳಿಯಬೇಕು. ನೈತಿಕ ಸಮಿತಿಯವರನ್ನು ಸಂಪರ್ಕಿಸುವುದು ಹೇಗೆ ಎಂಬುದು ಅದರಲ್ಲಿದೆಯೇ ನೋಡಿಕೊಳ್ಳಿ.

ಈ ಕಾಯಿಲೆಯಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಯೊಂದಿದೆ. 22 ವರ್ಷದ ಹುಡುಗ ಗಾಲಿಕುರ್ಚಿಯಲ್ಲಿದ್ದಾನೆ, ಮಾತು ತೊದಲು, ಬಾಯಿ ಸೊಟ್ಟ, ಪೆನ್ನು ಹಿಡಿಯಲಾಗದು. ಎಲ್ಲರೂ ಅವನ ತಲೆಯ ಮೇಲಿಂದ ಅಮ್ಮನ ಜತೆ ಮಾತಾಡುತ್ತಾರೆ. ಡಿಸ್ಕೈನೆಟಿಕ್ ಸೆರೆಬ್ರಲ್ ಪಾಲ್ಸಿಯಲ್ಲಿ ದೇಹದಷ್ಟು ಬುದ್ಧಿಗೆ ಪೆಟ್ಟಾಗದವರು ಎಷ್ಟೋ ಮಂದಿ. ಅವನಿಗೆ ಅರ್ಥವಾಗುತ್ತದೆ ಎಂದಾದರೆ ಒಪ್ಪಿಗೆ ಅವನದೇ. ಕಣ್ಣು ಮೇಲೆತ್ತಿದರೆ ಹೌದು, ಕೆಳಗಿಳಿಸಿದರೆ ಇಲ್ಲ. ಅಕ್ಷರ ಹಲಗೆಯಿದ್ದರೆ ಇನ್ನೂ ಒಳ್ಳೆಯದು. ಒಂದೇ ಪ್ರಶ್ನೆಯನ್ನು ತಿರುಗಿಸಿಯೂ ಕೇಳಿ: "ಸೇರುವುದು ಕಡ್ಡಾಯವಾ?" ಎಂದು ಒಮ್ಮೆ, "ಬೇಡ ಅಂದರೆ ನಡೆಯುತ್ತಾ?" ಎಂದು ಒಮ್ಮೆ. ಎರಡಕ್ಕೂ ಹೌದೆಂದರೆ ಇನ್ನೂ ಅರ್ಥವಾಗಿಲ್ಲ, ಮತ್ತೆ ವಿವರಿಸಬೇಕು. ಸಹಿ ಸಾಧ್ಯವಾಗದಿದ್ದರೆ ಹೆಬ್ಬೆಟ್ಟು ಒತ್ತಬಹುದು. ಆಗ ಮನೆಗೂ ತಂಡಕ್ಕೂ ಸೇರದ ಸಾಕ್ಷಿಯೊಬ್ಬರು ಮೊದಲಿಂದ ಕೊನೆವರೆಗೆ ಕೂತಿರಲಿ.

ಮಕ್ಕಳಾದರೆ ಸಹಿ ತಂದೆತಾಯಿಯದು. ಆದರೂ ಐಸಿಎಂಆರ್ ಪ್ರಕಾರ 7ರಿಂದ 12 ವರ್ಷದ ಮಗುವಿನ ಬಾಯಿಮಾತಿನ ಸಮ್ಮತಿ, 12 ದಾಟಿದವರ ಲಿಖಿತ ಸಮ್ಮತಿ ಬೇಕು. ಹೊಸ ರಾಸಾಯನಿಕ ಔಷಧದ ಟ್ರಯಲ್‌ಗೆ ಇಂಥ ದುರ್ಬಲ ಗುಂಪಿನವರು ಸೇರುವಾಗ ಒಪ್ಪಿಗೆ ಪಡೆಯುವುದನ್ನು ವಿಡಿಯೊ ಮಾಡಿಡಬೇಕೆಂದು 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಹೇಳುತ್ತವೆ.

ಕೇಳಲೇಬೇಕಾದವು: ಔಷಧವಿಲ್ಲದ ಡಮ್ಮಿ ಮಾತ್ರೆಯ ಗುಂಪು ಇದೆಯೇ, ಇದ್ದರೆ ಎಷ್ಟು ವಾರ? ಆ ವಾರಗಳಲ್ಲಿ ಈಗಿನ ಮಾತ್ರೆ ಮುಂದುವರಿಯುತ್ತದೆಯೇ? ಬಸ್ಸು, ಊಟ, ಜತೆಗೆ ಬರುವವರ ಖರ್ಚು ಯಾರದು? ನಡುವೆ ಬಿಟ್ಟರೆ ಮಾಮೂಲಿ ಚಿಕಿತ್ಸೆಗೆ ತೊಂದರೆಯಾಗುತ್ತದೆಯೇ? ಈ ಕೊನೆಯದಕ್ಕೆ ಉತ್ತರ "ಇಲ್ಲ" ಎಂದೇ ಇರಬೇಕು.

ಅಂಕ ಹಾಕುವ ದಿನ

ಡಿಸ್ಟೋನಿಯಾಕ್ಕೆ ರಕ್ತಪರೀಕ್ಷೆಯ ಅಳತೆಯಿಲ್ಲ, ನೋಡಿಯೇ ಅಂಕ ಹಾಕಬೇಕು. ಹೆಚ್ಚು ಬಳಕೆಯಲ್ಲಿರುವ ಬರ್ಕ್-ಫಾನ್-ಮಾರ್ಸ್‌ಡೆನ್ ಮಾಪಕ ದೇಹವನ್ನು ಒಂಬತ್ತು ಭಾಗ ಮಾಡಿ 120ಕ್ಕೆ ಲೆಕ್ಕ ಹಾಕುತ್ತದೆ. ಅಂಕ ಹೆಚ್ಚಿದಷ್ಟೂ ತೊಂದರೆ ಹೆಚ್ಚು. ಕಣ್ಣು, ಬಾಯಿ, ಕುತ್ತಿಗೆಗೆ ಅದರಲ್ಲಿ ಅರ್ಧ ತೂಕ. ಸೆಕೆಂಡರಿ ಡಿಸ್ಟೋನಿಯಾಕ್ಕೆಂದೇ 1999ರಲ್ಲಿ ಬಂದ ಬ್ಯಾರಿ-ಆಲ್ಬ್ರೈಟ್ ಮಾಪಕದಲ್ಲಿ ಎಂಟು ಭಾಗ, ಒಟ್ಟು 32. ಯಾರಿಗೆ ಯಾವ ಗುಂಪು ಎಂದು ತಿಳಿಯದ ಇನ್ನೊಬ್ಬ ವೈದ್ಯರು ವಿಡಿಯೊ ನೋಡಿ ಅಂಕ ಹಾಕುವುದು ವಾಡಿಕೆ. ಮುಖಕ್ಕೂ ಅಂಕವಿರುವುದರಿಂದ ಮುಖ ಮರೆಮಾಡಲಾಗದು. ಆ ವಿಡಿಯೊ ಎಲ್ಲಿರುತ್ತದೆ, ಎಷ್ಟು ಕಾಲ, ಪಾಠಕ್ಕೆ ತೋರಿಸುತ್ತಾರೆಯೇ ಎಂಬುದನ್ನು ಒಪ್ಪಿಗೆಯ ಹೊತ್ತಿಗೇ ಕೇಳಿಕೊಳ್ಳಿ.

ಡಿಸ್ಟೋನಿಯಾ ಗಳಿಗೆಗೊಂದು ಬಣ್ಣ ತೋರುತ್ತದೆ. ನಿದ್ದೆಯಲ್ಲಿ ಮಾಯ, ಗಾಬರಿಯಾದರೆ ದುಪ್ಪಟ್ಟು. ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು ಬಂದವರ ಅಂಕ ಮೊದಲ ದಿನ ಏರಿರುತ್ತದೆ. ಮುಂದಿನ ಸಲ ಹಿಂದಿನ ದಿನವೇ ಬಂದು ಉಳಿದರೆ ತಾನಾಗಿ ಇಳಿದಿರುತ್ತದೆ. ಔಷಧ ಕೆಲಸ ಮಾಡಿತೆಂದು ಎಲ್ಲರೂ ಮೋಸಹೋಗುವುದು ಹೀಗೆ. ಪ್ರತಿ ಭೇಟಿಗೂ ಅದೇ ಹೊತ್ತು, ಮಾತ್ರೆ ನುಂಗಿದ ಮೇಲೆ ಅಷ್ಟೇ ಗಂಟೆ, ಅದೇ ಕುರ್ಚಿ ಇರುವಂತೆ ನೋಡಿಕೊಳ್ಳಿ. ಮಲಬದ್ಧತೆ, ಹಲ್ಲುನೋವು, ಎದೆಯುರಿ, ಜ್ವರ ಯಾವುದಿದ್ದರೂ ಮೊದಲೇ ಹೇಳಿ. ಇವೆಲ್ಲ ಬಿಗಿತವನ್ನು ಏರಿಸುತ್ತವೆ. ಬನಿಯನ್ನು, ಚಡ್ಡಿ, ಬರಿಗಾಲು: ಭುಜದಿಂದ ಹೆಬ್ಬೆರಳಿನ ತನಕ ಕ್ಯಾಮೆರಾಕ್ಕೆ ಕಾಣಬೇಕು. ಹೆಣ್ಣುಮಕ್ಕಳು ತೋಳಿಲ್ಲದ ಮೇಲಂಗಿ, ಮೊಣಕಾಲಿನವರೆಗಿನ ಪ್ಯಾಂಟ್ ಚೀಲದಲ್ಲಿಟ್ಟುಕೊಂಡು ಬಂದರೆ ಅಲ್ಲಿ ಮುಜುಗರವಿಲ್ಲ.

ಅಂಕ ಇಳಿಯದೆಯೂ ಬದುಕು ಹಗುರಾಗಬಹುದು. ನೆದರ್ಲೆಂಡ್ಸ್‌ನಲ್ಲಿ ತೀವ್ರ ಡಿಸ್ಕೈನೆಟಿಕ್ ಸೆರೆಬ್ರಲ್ ಪಾಲ್ಸಿಯ 36 ಮಕ್ಕಳು ಮತ್ತು ಯುವಕರಿಗೆ ಹೊಟ್ಟೆಯ ಚರ್ಮದಡಿಯ ಪಂಪಿನಿಂದ ಬೆನ್ನುಹುರಿಯ ದ್ರವಕ್ಕೆ ಬ್ಯಾಕ್ಲೋಫೆನ್ ಅಥವಾ ಡಮ್ಮಿ ದ್ರವ ಕೊಟ್ಟ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಅಲ್ಲಿ ಮುಖ್ಯ ಅಳತೆ ಪ್ರತಿ ಮನೆಯವರು ಮೊದಲೇ ಹೇಳಿದ ಗುರಿ ಎಷ್ಟು ಈಡೇರಿತು ಎಂಬುದಾಗಿತ್ತು. ಅದರಲ್ಲಿ ಔಷಧದ ಗುಂಪು ಮುಂದಿತ್ತು. ನಿಮ್ಮನ್ನೂ ಗುರಿ ಕೇಳಿದರೆ "ಚೆನ್ನಾಗಾಗಬೇಕು" ಎನ್ನಬೇಡಿ. "ಅಂಗಿ ತೊಡಿಸಲು ಈಗ ಇಬ್ಬರು ಬೇಕು, ಒಬ್ಬರಿಂದ ಆಗಬೇಕು" ಎನ್ನಿ.

ನಡುವೆ ಕೆಟ್ಟರೆ

ಬಿಗಿತ ಬಿಡುವೇ ಇಲ್ಲದೆ ಏರುತ್ತ ಹೋಗಿ, ಮೈ ಸುಡುತ್ತ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಅದು ಸ್ಟೇಟಸ್ ಡಿಸ್ಟೋನಿಕಸ್ ಇರಬಹುದು. ಸ್ನಾಯು ಕರಗಿ ಮೂತ್ರಪಿಂಡಕ್ಕೆ ಹೊಡೆತ ಬೀಳುತ್ತದೆ. ಮುಂದಿನ ಭೇಟಿಗೆ ಕಾಯದೆ ಹತ್ತಿರದ ತುರ್ತು ಚಿಕಿತ್ಸಾ ಘಟಕಕ್ಕೆ ಹೋಗಿ, ದಾರಿಯಲ್ಲೇ ಅಧ್ಯಯನದ ವೈದ್ಯರಿಗೆ ಫೋನ್ ಮಾಡಿ. ಆಸ್ಪತ್ರೆ ಸೇರುವಂಥ ಯಾವ ತೊಂದರೆಯನ್ನೂ ಅವರು 24 ಗಂಟೆಯೊಳಗೆ ವರದಿ ಮಾಡಲೇಬೇಕು. ಟ್ರಯಲ್‌ನಿಂದ ಹಾನಿಯಾದರೆ ಉಚಿತ ಚಿಕಿತ್ಸೆ, ಜತೆಗೆ ಪರಿಹಾರ ನಿಯಮದಲ್ಲೇ ಇದೆ. ಸಾವಿನ ಪರಿಹಾರದ ಲೆಕ್ಕ 8 ಲಕ್ಷ ರೂಪಾಯಿಯ ಮೂಲ ಮೊತ್ತದಿಂದ ಶುರುವಾಗಿ ವಯಸ್ಸು ಮತ್ತು ಕಾಯಿಲೆಯ ಸ್ಥಿತಿಯ ಮೇಲೆ ಏರಿಳಿಯುತ್ತದೆ. ಆದ್ದರಿಂದ ತುರ್ತು ಘಟಕದ ಒಂದೊಂದು ಬಿಲ್ಲನ್ನೂ ಫೈಲಿಗೆ ಸೇರಿಸಿ.

ಮುಗಿದ ಮೇಲೆ

ಯಾವ ಗುಂಪಿನಲ್ಲಿದ್ದಿರಿ ಎಂದು ಕೇಳಿ ತಿಳಿದುಕೊಳ್ಳಿ. ಎಲ್ಲರ ಅಧ್ಯಯನ ಮುಗಿಯುವವರೆಗೆ ಹೇಳಲಾಗದಿದ್ದರೂ ಆಮೇಲೆ ಹೇಳಬಹುದು. ಮಾತ್ರೆಯ ಅಧ್ಯಯನವಾದರೆ ನಿಲ್ಲಿಸುವ ಕ್ರಮ ಬರೆಸಿಕೊಂಡರೆ ಮುಗಿಯಿತು. ಯಂತ್ರ ಒಳಗಿಟ್ಟ ಅಧ್ಯಯನ ಹಾಗಲ್ಲ. ಬ್ಯಾಕ್ಲೋಫೆನ್ ಪಂಪಿಗೆ ಕೆಲವು ತಿಂಗಳಿಗೊಮ್ಮೆ ಸೂಜಿ ಚುಚ್ಚಿ ಔಷಧ ತುಂಬಿಸಬೇಕು, ಬ್ಯಾಟರಿ ಮುಗಿದಾಗ ಪಂಪನ್ನೇ ಬದಲಿಸಬೇಕು. ಚಾರ್ಜ್ ಆಗದ ಬಗೆಯ ಡಿಬಿಎಸ್ ಬ್ಯಾಟರಿಗೂ ಕೆಲವೇ ವರ್ಷ ಆಯಸ್ಸು. ಅಧ್ಯಯನದ ಹಣ ಅಷ್ಟು ಹೊತ್ತಿಗೆ ಮುಗಿದಿರುತ್ತದೆ. ಎರಡನೇ ಬ್ಯಾಟರಿಯ ದುಡ್ಡು ಯಾರದು ಎಂಬ ಉತ್ತರವನ್ನು ಮೊದಲ ಶಸ್ತ್ರಚಿಕಿತ್ಸೆಗೆ ಮುಂಚೆಯೇ ಕಾಗದದಲ್ಲಿ ಬರೆಸಿಕೊಂಡಿರಿ.