ಮೂರು ಲಕ್ಷ ಚಿಲ್ಲರೆ: ಅಂಕಿಯನ್ನು ಇಂಗ್ಲಿಷ್ ಅಕ್ಷರ ಮಾಡುವ ಪ್ರೋಗ್ರಾಂ

ಶಿರಸಿ ಪೇಟೆಯಲ್ಲಿ ಚಾಲಿ (ಒಣಗಿಸಿ ಸುಲಿದ ಅಡಿಕೆ) ಮಾರಿದವರಿಗೆ ಚೆಕ್ ಹೊಸದಲ್ಲ. 3,47,015 ಅಂತ ಅಂಕಿಯಲ್ಲಿ ಬರೆದರೆ ಸಾಲದು, ಅಕ್ಷರದಲ್ಲೂ ಬರೆಯಬೇಕು. ಎರಡೂ ತಾಳೆಯಾಗದಿದ್ದರೆ ಅಕ್ಷರದ್ದೇ ಲೆಕ್ಕ ಅಂತ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ ಹೇಳುತ್ತದೆ. ಈ ಕೆಲಸವನ್ನು ಕಂಪ್ಯೂಟರ್‌ಗೆ ಕಲಿಸೋಣ. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲಿಯೋಕೆ ಶುರು ಮಾಡಿದ್ದ ಅಣ್ಣನ ಮಗನಿಗೆ ಹೋದ ಮಳೆಗಾಲದಲ್ಲಿ ಇದನ್ನೇ ಕೊಟ್ಟಿದ್ದೆ.

ಮೊದಲು ಶಬ್ದಗಳು. ಝೀರೋದಿಂದ ನೈಂಟೀನ್‌ವರೆಗೆ ಇಪ್ಪತ್ತು ಶಬ್ದ ಒಂದು ಲಿಸ್ಟಿಗೆ. ಟ್ವೆಂಟಿಯಿಂದ ನೈಂಟಿವರೆಗಿನ ಎಂಟು ಇನ್ನೊಂದಕ್ಕೆ. ಎರಡನೇ ಲಿಸ್ಟಿನಲ್ಲಿ ಮೊದಲ ಎರಡು ಜಾಗ ಖಾಲಿ ಬಿಡಿ. ಲಿಸ್ಟಿನ ಎಣಿಕೆ ಸೊನ್ನೆಯಿಂದ ಶುರು ಅಲ್ವಾ, ಹಾಗೆ ಬಿಟ್ಟರೆ ಟ್ವೆಂಟಿ ಸರಿಯಾಗಿ 2ನೇ ಜಾಗದಲ್ಲಿ ಕೂರುತ್ತದೆ. ಫೋರ್, ಫೋರ್ಟೀನ್ ಎರಡರಲ್ಲೂ ಯು ಅಕ್ಷರ ಇದೆ, ಫಾರ್ಟಿಯಲ್ಲಿ ಇಲ್ಲ. ಇಲ್ಲಿ ತಪ್ಪಿದರೆ ಪ್ರೋಗ್ರಾಂ ಜನ್ಮದಲ್ಲಿ ಸರಿ ಬರೆಯುವುದಿಲ್ಲ.

ಇನ್ನು ಅಸಲು ಕೆಲಸ. ದುಡ್ಡು ಎಣಿಸುವವನು ಮೊದಲು ದೊಡ್ಡ ಕಟ್ಟು ನೋಡುತ್ತಾನೆ, ಚಿಲ್ಲರೆ ಆಮೇಲೆ. ಇಲ್ಲೂ ಅಷ್ಟೇ. ಪೈಥಾನ್‌ನಲ್ಲಿ // ಹಾಕಿದರೆ ಎಷ್ಟು ಕಟ್ಟು ಅಂತ ಸಿಗುತ್ತದೆ, % ಹಾಕಿದರೆ ಉಳಿದದ್ದು. 347015ನ್ನು 100000ದಿಂದ ಭಾಗಿಸಿ: 3 ಲಕ್ಷ, ಉಳಿದದ್ದು 47015. ಅದನ್ನು 1000ದಿಂದ: 47 ಸಾವಿರ, ಉಳಿದದ್ದು 15. ನೂರಕ್ಕೂ ಹತ್ತಕ್ಕೂ ಇದೇ ಕ್ರಮ. ಈ 47ನ್ನು ಓದೋಕೆ ಬೇರೆ ಕೋಡ್ ಬೇಡ, ಫಂಕ್ಷನ್ (ಈ ಕೆಲಸ ಮಾಡುವ ಕೋಡಿನ ತುಂಡು) ತನ್ನನ್ನೇ ಇನ್ನೊಮ್ಮೆ ಕರೆದುಕೊಂಡರೆ ಆಯಿತು. ಇದೇ ರಿಕರ್ಷನ್, ಹೆಸರು ಕೇಳಿ ಹೆದರಬೇಡಿ. ಹತ್ತೊಂಬತ್ತರ ತನಕ ಬಂದರೆ ಲಿಸ್ಟ್ ನೋಡಿ ಶಬ್ದ ಕೊಟ್ಟು ನಿಲ್ಲಬೇಕು, ಅದೊಂದು ನೆನಪಿರಲಿ. ಕೋಟಿಯನ್ನೂ ಮೇಲೆ ಸೇರಿಸಿದರೆ ನೂರು ಕೋಟಿಯೂ ತಾನಾಗೇ ಬರುತ್ತದೆ, ಅಷ್ಟು ಅಡಿಕೆ ಯಾರ ತೋಟದಲ್ಲಿ ಇದೆಯೋ ಗೊತ್ತಿಲ್ಲ!

ನಮ್ಮ ಮಾಣಿಯ, ಅಂದರೆ ಅಣ್ಣನ ಮಗನ, ಪ್ರೋಗ್ರಾಂ ಮೊದಲ ದಿನ 'ಥ್ರೀ ಲ್ಯಾಕ್ ಫಾರ್ಟಿ ಸೆವೆನ್ ಥೌಸಂಡ್ ಝೀರೋ ಹಂಡ್ರೆಡ್ ಫಿಫ್ಟೀನ್' ಅಂದಿತು. 20 ಕೊಟ್ಟರೆ 'ಟ್ವೆಂಟಿ ಝೀರೋ'. ಅಣ್ಣ ಕವಳ ಹಾಕುತ್ತಾ, "ಯಾವ ಬ್ಯಾಂಕು ತಗಳ್ತೋ ಇದನ್ನ?" ಅಂದ. ತೊಂದರೆ ಎಲ್ಲ ಸೊನ್ನೆಯದೇ. ಕಟ್ಟು ಸೊನ್ನೆಯಾದರೆ ಆ ಶಬ್ದವನ್ನೇ ಬಿಡಬೇಕು, ಉಳಿದದ್ದು ಸೊನ್ನೆಯಾದರೆ ಅಲ್ಲೇ ನಿಲ್ಲಿಸಬೇಕು. ಹಾಗಂತ ಎಲ್ಲ ಸೊನ್ನೆಯನ್ನೂ ಸುಮ್ನೆ ಅಳಿಸಿದರೆ, ಬರೀ 0 ಕೊಟ್ಟಾಗ ಪರದೆಯ ಮೇಲೆ ಏನೂ ಬರುವುದಿಲ್ಲ. ಅವನಿಗೆ ಅದೂ ಆಯಿತು. ಈ ಮೂರನ್ನು ಸರಿಮಾಡೋಕೆ ಒಂದು ಸಂಜೆ ಪೂರ್ತಿ ಹೋಯಿತು, ಉಳಿದ ಕೋಡ್ ಬರೆಯೋಕೆ ಅರ್ಧ ಗಂಟೆ ಸಾಕಾಗಿತ್ತು.

ಪರೀಕ್ಷೆಗೆ 0, 13, 20, 100, 1005, 100000 ಕೊಟ್ಟು ನೋಡಿ. ಸರಿ ಬಂದರೆ ಪ್ರಾಜೆಕ್ಟ್ ಆಯ್ಲರ್ ಅನ್ನೋ, ಪ್ರೋಗ್ರಾಂ ಬರೆದು ಬಿಡಿಸುವ ಲೆಕ್ಕಗಳ ವೆಬ್‌ಸೈಟಿನ 17ನೇ ಲೆಕ್ಕಕ್ಕೆ ಕೈ ಹಾಕಬಹುದು: 1ರಿಂದ 1000ದವರೆಗೆ ಇಂಗ್ಲಿಷಿನಲ್ಲಿ ಬರೆದರೆ ಒಟ್ಟು ಎಷ್ಟು ಅಕ್ಷರ? ಶಬ್ದಗಳ ನಡುವಿನ ಖಾಲಿ ಜಾಗ, ಅಡ್ಡಗೆರೆ ಎಣಿಸುವಂತಿಲ್ಲ. ಬ್ರಿಟಿಷರ ಹಾಗೆ ಹಂಡ್ರೆಡ್ ಆದಮೇಲೆ ಇನ್ನೂ ಏನಾದರೂ ಉಳಿದಿದ್ದರೆ 'ಆ್ಯಂಡ್' ಸೇರಿಸಬೇಕು. 342ಕ್ಕೆ 23 ಅಕ್ಷರ, 115ಕ್ಕೆ 20 ಬಂದರೆ ನೀವು ಸರಿದಾರಿಯಲ್ಲಿದ್ದೀರಿ.

ಮಾಣಿ ಈಗ ಇದನ್ನೇ ಕನ್ನಡದಲ್ಲಿ ಮಾಡಲು ಹೊರಟಿದ್ದಾನೆ. ಇಪ್ಪತ್ತು ಮತ್ತು ಒಂದು, ಇವೆರಡನ್ನೂ ಪಕ್ಕಪಕ್ಕ ಇಟ್ಟರೆ ಇಪ್ಪತ್ತೊಂದು ಆಗುವುದಿಲ್ಲ, ಸಂಧಿ ಬೇಕು. ನೂರು ಹೋಗಿ ನೂರಾ ಆಗಬೇಕು, ಸಾವಿರ ಸಾವಿರದ ಆಗಬೇಕು. ನಿನ್ನೆ ಇಪ್ಪತ್ತೊಂದರ ಹತ್ತಿರ ಬಂದಿದ್ದ, ಅಷ್ಟರಲ್ಲಿ ಕರೆಂಟ್ ಹೋಯಿತು.